ಹೊಸ್ತಿಲಲ್ಲಿ ಹೇಳದ ಹೆಸರು

ನಿಮ್ಮ ಹೆಸರು ಕೇಳಿದ ಕಡೆ ನಾನು ಇನ್ನೊಬ್ಬನ ಹೆಸರು ಹೇಳಿದೆ. ನೀವು ಕೇಳಿಸಿಕೊಂಡಿರಿ — ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮೆದುರು ಎಂದೂ ಆ ಮಾತೆತ್ತಲಿಲ್ಲ.

ಹುಮನಾಬಾದಿನ ನೆಂಟರ ಮನೆಗೆ ಹೊರಡುವ ಹಿಂದಿನ ದಿನ ಎಂದಿನಂತೆಯೇ ಇತ್ತು. ನೀವು ಗಾಣ ಹೂಡಿದ್ದಿರಿ, ನಾನು ಕುಸುಬಿ ಹಸನು ಮಾಡುತ್ತಿದ್ದೆ. ನೀವು ಅರ್ಧ ಸಾಲು ಎಸೆದು ಸುಮ್ಮನಾಗುವುದು, ಪ್ರಾಸ ಕೂಡಿಸಿ ಉಳಿದರ್ಧ ನಾನು ಹೇಳುವುದು — ಅದು ನಮ್ಮಿಬ್ಬರ ಆಟ.

ಆ ಆಟದಿಂದಲೇ ಅಲ್ಲವೇ ನಾನು ಮತ್ತೆ ನಾನಾದದ್ದು? ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದು ಒಡಪಿನಲ್ಲಿ, ಪ್ರಾಸದ ಸಾಲಿನೊಳಗೆ ಸೇರಿಸಿ ಮಾತ್ರ. ಮೋರಖಂಡಿಯಲ್ಲಿ ಹುಡುಗಿಯಾಗಿದ್ದಾಗ ಊರ ಮದುವಣಗಿತ್ತಿಯರಿಗೆಲ್ಲ ಒಡಪು ಕಟ್ಟಿಕೊಡುತ್ತಿದ್ದವಳು ನಾನು. ಮೊದಲ ಗಂಡನ ಮನೆಯಲ್ಲಿ ಆ ನಾಲಿಗೆ ಒಣಗಿತು. ಮಕ್ಕಳಾಗಲಿಲ್ಲವೆಂದು ಆತ ಬಿಟ್ಟ ಮೇಲೆ ಕಲ್ಯಾಣದ ಅಣ್ಣನ ಮನೆಗೆ ಬಂದೆ — ಈಗಿನ ಬಸವಕಲ್ಯಾಣ, ಆಗ ನವಾಬರ ಊರು. ಎಣ್ಣೆಗೆಂದು ನಿಮ್ಮ ಗಾಣಕ್ಕೆ ಬರುತ್ತಿದ್ದವಳು ತಲೆ ಎತ್ತುತ್ತಿರಲಿಲ್ಲ. ಒಂದು ದಿನ ನೀವು ಎತ್ತಿಗೆ ಹೇಳುವವರಂತೆ ಅಂದಿರಿ:

“ಗಾಣದ ಎತ್ತಿನ ಕಣ್ಣಿಗೆ ಬಟ್ಟಿ—”

ನನಗೇ ತಿಳಿಯದಂತೆ ಬಂದುಬಿಟ್ಟಿತು:

“ಮಾತಿನ ಮಲ್ಲರ ಬಾಯಿಗ್ಯಾಕಿಲ್ಲ ಪಟ್ಟಿ?”

ಎಣ್ಣೆಯ ಕೈ ಮರೆತು ನೀವು ಹಣೆ ಬಡಿದುಕೊಂಡು ನಕ್ಕಿರಿ. ನನ್ನ ಮಾತಿಗೆ ಯಾರಾದರೂ ನಕ್ಕು ಎಷ್ಟು ವರ್ಷವಾಗಿತ್ತೋ — ದಾರಿಯುದ್ದಕ್ಕೂ ನಾನೂ ನಗುತ್ತ ಹೋದೆ. ಮುಂದಿನ ವರ್ಷ ಸೀರೆ ಉಡಿಸಿ ಮನೆ ತುಂಬಿಸಿಕೊಂಡಿರಿ. ಉಡಕಿ, ಎರಡನೆಯ ಮದುವೆ. ಉಡಕಿಯವಳ ಕೈಗೆ ಕಲ್ಯಾಣದಲ್ಲಿ ಆರತಿ ತಟ್ಟೆ ಕೊಡುತ್ತಿರಲಿಲ್ಲ. ಉಳಿದ ಮುತ್ತೈದೆಯರಿಗೆ ಮಾಡುವಂತೆ ಹೊಸ್ತಿಲಲ್ಲಿ ತಡೆದು ಗಂಡನ ಹೆಸರನ್ನೂ ಕೇಳುತ್ತಿರಲಿಲ್ಲ.

ಹುಮನಾಬಾದಿನಲ್ಲಿ ಬಸುರಿಯಾಗಿದ್ದ ಚಿಕ್ಕಮ್ಮನ ಮಗಳ ಕುಬುಸ, ಸೀಮಂತ. ನೀವು ಹೊರಗೆ ಕಟ್ಟೆಯ ಮೇಲೆ ಕೂತಿದ್ದಿರಿ. ಚಿಕ್ಕಮ್ಮ ಯಾರಿಗೂ ಹೇಳಿರಲಿಲ್ಲ, ಒಳಗೆ ನೆರೆದವರಿಗೆ ನನ್ನ ಕಥೆ ತಿಳಿಯದು; ಆರತಿ ತಟ್ಟೆ ನನ್ನ ಕೈಗೇ ಬಂತು. ನನ್ನ ಮೊದಲ ಮದುವೆಯಲ್ಲಿ ಉಂಡು ಹೋಗಿದ್ದ ಮುದುಕಿಯೊಬ್ಬಳು ಹೊಸ್ತಿಲಿಗೆ ಅಡ್ಡ ನಿಂತಳು.

“ನಿನ್ನ ಲಗ್ನದಾಗ ಹೋಳಗಿ ಉಂಡಾಕಿ ನಾ. ಗಂಡನ ಹೆಸರ ಹೇಳವಾ, ಇಲ್ಲಂದ್ರ ಒಳಗ ಬಿಡಂಗಿಲ್ಲ!”

ನಿಮ್ಮ ಹೆಸರು ಹೇಳಿದ್ದರೆ ಉಡಕಿಯವಳೆಂದು ತಿಳಿದು ತಟ್ಟೆ ಕೈಬಿಟ್ಟು ಹೋಗುತ್ತಿತ್ತು. ನಾನು — ನನ್ನನ್ನು ಬಿಟ್ಟಾತನ ಹೆಸರಿಟ್ಟು ಒಡಪು ಹೇಳಿದೆ. ಎಲ್ಲಿಯೂ ಪ್ರಾಸ ತಪ್ಪಲಿಲ್ಲ. ಹೆಂಗಸರು ಕೇಕೆ ಹಾಕಿದರು. ಕಿಟಕಿಯಾಚೆ ನಿಮ್ಮ ರುಮಾಲು ಅಲುಗಲಿಲ್ಲ.

ಮರಳುವಾಗ ಬಂಡಿಯಲ್ಲಿ ಅಂದಿರಿ: “ಒಡಪ ಚಲೋ ಕೂಡಿತ್ತು ಬಿಡು.”

ಅಷ್ಟೇ. ಆಮೇಲೂ ಸಂತೆಯಿಂದ ಬಳೆ ತಂದಿರಿ, ಜ್ವರ ಬಂದಾಗ ಗಂಜಿ ಕುಡಿಸಿದಿರಿ. ಅರ್ಧ ಸಾಲು ಮಾತ್ರ ಮತ್ತೆಂದೂ ಎಸೆಯಲಿಲ್ಲ. ನಾನೇ ಒಂದನ್ನು ಶುರು ಮಾಡಬಹುದಿತ್ತು — ಮಾಡಲಿಲ್ಲ.

ಈಗ ನೀವಿಲ್ಲ. ನಿಮ್ಮ ಹೆಸರಿನ ಒಡಪೊಂದು ಕಟ್ಟಿದ್ದೇನೆ. ಗಂಡ ಸತ್ತವಳನ್ನು ಯಾರೂ ಹೊಸ್ತಿಲಲ್ಲಿ ತಡೆದು ಹೆಸರು ಕೇಳುವುದಿಲ್ಲ. ನಿಮ್ಮ ಹೆಸರು ನನ್ನ ಬಾಯಿಂದ ಒಮ್ಮೆಯೂ ಬಂದಿಲ್ಲ.