ಮಂಜಿ ಹೊತ್ತೊಯ್ದ ಮಂಡಿಯಣ್ಣ

ಮೊನ್ನೆ ಭಾನುವಾರ ನಮ್ಮ ಅಜ್ಜಂಪುರದ ಮನೆಯ ಅಡುಗೆಮನೆಯಲ್ಲಿ ಒಣಮೀನು ಹುರಿದ ವಾಸನೆ ಎದ್ದಿತು. ಕರಾವಳಿಯ ಅಳಿಯ ಊರಿಂದ ಪೊಟ್ಟಣ ತಂದಿದ್ದ, ಮಗಳು ಹುರಿಯುತ್ತಿದ್ದಳು. ನನ್ನಾಕೆ ಮೂಗಿಗೆ ಸೆರಗು ಹಿಡಿದುಕೊಂಡೇ ನಗುತ್ತಿದ್ದಳು. ನನಗೆ ಮಾತ್ರ ನಗು ಬರಲಿಲ್ಲ. ಆ ವಾಸನೆಗೆ ಮಂಡಿಯಣ್ಣ ಕಣ್ಣ ಮುಂದೆ ಬಂದು ನಿಂತಿದ್ದ.

ಅಪ್ಪನ ಈರುಳ್ಳಿ ಮಂಡಿಯಲ್ಲಿ ಅವನು ಹಮಾಲಿ. ನಮ್ಮಂತೆಯೇ ಕೊರಳಲ್ಲಿ ಲಿಂಗ ಕಟ್ಟಿದವನು. ಮಧ್ಯಾಹ್ನದ ಊಟ ನಮ್ಮ ಅಡುಗೆಮನೆಯಲ್ಲೇ, ಅಪ್ಪನ ಪಕ್ಕದ ಮಣೆಯಲ್ಲಿ. ಮುದ್ದೆಗೆ ಸಾರು ಸಾಲದೆಂದು ದಿನವೂ ಅವ್ವನನ್ನು ಗೋಳುಹೊಯ್ದುಕೊಳ್ಳುತ್ತಿದ್ದ. ಹಳ್ಳ ದಾಟಲೂ ಹೆದರುತ್ತಿದ್ದ ಆಸಾಮಿ.

ಒಂದು ವರ್ಷ ಅಪ್ಪನಿಗೆ ಮಂಗಳೂರಿನ ಬಂದರಿನಿಂದ ಕಡಲಾಚೆಯ ದ್ವೀಪಕ್ಕೆ ಈರುಳ್ಳಿ ಕಳಿಸುವ ವ್ಯಾಪಾರ ಕುದುರಿತು. ಗಾಳಿಯಾಡುವಂತೆ ಮೂಟೆ ಜೋಡಿಸದಿದ್ದರೆ ಈರುಳ್ಳಿ ಕೊಳೆಯುತ್ತದೆ. "ನೀನೇ ಹೋಗಿ ಮಂಜಿಯೊಳಗೆ ಜೋಡ್ಸಿ ಬಾರೋ" ಎಂದು ಅಪ್ಪ ಅವನನ್ನು ಲಾರಿ ಹತ್ತಿಸಿದರು. ಮಂಜಿ ಎಂದರೆ ಹಾಯಿ ಕಟ್ಟಿದ ಮರದ ಹಡಗು. "ನೀರಂದ್ರೆ ನಂಗಾಗಲ್ಲ ಯಜಮಾನ್ರೇ" ಎಂದದ್ದಕ್ಕೆ, "ನೀರಿಗೆ ಇಳಿ ಅಂದ್ನೇನೋ?" ಎಂದು ಗದರಿದರು.

ಅವನು ಮಂಜಿಯ ತಳದಲ್ಲಿ ಮೂಟೆ ಜೋಡಿಸುತ್ತಿದ್ದಾಗಲೇ ಗಾಳಿ ತಿರುಗಿತಂತೆ. ಮಂಜಿಯವರು ಹಾಯಿ ಬಿಚ್ಚಿದರು. ಅವನು ಮೇಲೆ ಹತ್ತಿ ಬರುವಷ್ಟರಲ್ಲಿ ದಡ ಹಿಂದೆ ಸರಿದಿತ್ತು... ಕೈ ಮುಗಿದನಂತೆ, ಅತ್ತನಂತೆ. ಒಬ್ಬ ಹಮಾಲಿಗಾಗಿ ಬಂದ ಗಾಳಿಯನ್ನು ಬಿಡುವವರು ಯಾರು? ಲಾರಿಯವನು ಕಾದು ಕಾದು ವಾಪಸ್ ಬಂದ.

ತಿಂಗಳ ಮೇಲೆ ಒಂದು ದಿನ ಕಡೂರಿನ ಬಸ್ಸಿನಿಂದ ಮಂಡಿಯಣ್ಣ ಇಳಿದ. ಅರ್ಧ ಆಳಾಗಿದ್ದ. ಅಂಗಿಯೆಲ್ಲ ಮೀನಿನ ವಾಸನೆ. ಅವ್ವ ಅಳುತ್ತಲೇ, "ಅಲ್ಲಿ ಏನು ತಿಂದ್ಯೋ?" ಎಂದು ಕೇಳಿದಳು. ಗಂಜಿ ಎಂದಿದ್ದರೆ ಮುಗಿದುಹೋಗುತ್ತಿತ್ತು.

"ಅವ್ರು ಕೊಟ್ಟಿದ್ದೇ ತಿಂದೆ ಅವ್ವಾರೇ. ಮೀನು. ಹಸಿವು ತಡೀಲಿಲ್ಲ... ಲಿಂಗದ ಕರಡಿಗೇನ ಬೆನ್ನಿಗೆ ತಳ್ಕಂಡು ತಿಂದೆ."

ಅವ್ವ ಎತ್ತಿದ ಸೌಟನ್ನು ಪಾತ್ರೆಗೇ ಇಳಿಸಿದಳು. ಅಪ್ಪ ಹೇಳಿದರು, "ಮಠಕ್ಕೋಗಿ ಸ್ವಾಮಿಗಳಿಗೆ ಅರಿಕೆ ಮಾಡಿ, ತೀರ್ಥ ತಗಂಡು ಬರಾಣ. ಅಲ್ಲೀಗಂಟ ಜಗುಲೀಲಿ ಉಣ್ಣು."

ಈರುಳ್ಳಿ ಸುಗ್ಗಿ ಮುಗಿಯಲಿ ಎಂದರು ಅಪ್ಪ. ಆಮೇಲೆ ಅಕ್ಕನ ಮದುವೆ ಬಂತು, ಬೋರ್‌ವೆಲ್ ಕೆಲಸ ಬಂತು... "ಯಾವಾಗ ಹೋಗಾಣ ಯಜಮಾನ್ರೇ?" ಎಂದು ಕೆಲಕಾಲ ಕೇಳಿದ. ಒಬ್ಬನೇ ಹೋಗಿ ಹೇಳಿಕೊಳ್ಳಲು ಅವನಿಗೆ ಮುಖವಿರಲಿಲ್ಲ. ಕೊನೆಗೆ ಕೇಳುವುದನ್ನೇ ಬಿಟ್ಟ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನಮ್ಮ ಮನೆಗೆ ಏನೂ ಆಗಲಿಲ್ಲ.

ಮಂಡಿ ನನ್ನ ಕೈಗೆ ಬಂದ ಮೇಲೂ ಅವನ ತಟ್ಟೆ ಜಗುಲಿಯ ಗೂಡಿನಲ್ಲೇ ಇತ್ತು. ಸಮುದ್ರಕ್ಕೆ ಕಳಿಸಿದವರು ನಾವು, ಜಾತಿ ಕೆಟ್ಟವನು ಅವನು. ಒಂದು ದಿನವೂ ನಾನು ಒಳಗೆ ಬಾ ಎನ್ನಲಿಲ್ಲ. ದ್ವೇಷವೇನಿಲ್ಲ, ಅಭ್ಯಾಸವಾಗಿಹೋಗಿತ್ತು. ಅದನ್ನು ನೆನೆದರೇ ಹೆಚ್ಚು ನಾಚಿಕೆ. ಸಾರು ಸಾಲದೆಂದು ಅವನು ಮತ್ತೆಂದೂ ತಗಾದೆ ಮಾಡಲಿಲ್ಲ. ಜಗುಲಿಯಲ್ಲೇ ಉಣ್ಣುತ್ತ ಮುದುಕನಾದ, ಹೋಗಿಬಿಟ್ಟ.

ಭಾನುವಾರ ಅಳಿಯ ಸಂಕೋಚದಿಂದ ತಟ್ಟೆ ಹಿಡಿದು ಎದ್ದ. "ಮಾವ, ನಿಮಗೆ ಈ ವಾಸನೆ ಆಗುವುದಿಲ್ಲ. ನಾನು ಜಗುಲಿಯಲ್ಲಿ ತಿನ್ನುತ್ತೇನೆ."

"ಛೆ, ಅದೇನ್ರೀ, ಅಳಿಯಂದ್ರು ಜಗುಲೀಲಿ ಉಣ್ಣೋದಾ? ಒಳಗೇ ಕೂತ್ಕಳಿ" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ಮಂಡಿಯಣ್ಣನ ಮಣೆ ಇರುತ್ತಿದ್ದ ಜಾಗದಲ್ಲೇ ಅಳಿಯ ಕೂತ. ಮಠಕ್ಕೆ ಯಾರೂ ಹೋಗಬೇಕಾಗಲಿಲ್ಲ.