ಖಲೀಲ್ ಸಾಹೇಬರ ಮಾತು ಪರದೆಗೆ ಬಂದದ್ದು

ಮೊನ್ನೆ ಗೆಳತಿಯ ಮಗಳ ಮದುವೆಯ ಕರೆಯೋಲೆ ಬಂತು. ಎಲ್ಲರೂ ಮೊಬೈಲಿನಲ್ಲೇ ಕರೆದು ಮುಗಿಸುವ ಈ ಕಾಲದಲ್ಲಿ ಇದು ನಿಜವಾದ ಕಾಗದದ್ದು, ಮೂಲೆಗಳಿಗೆ ಅರಿಶಿನ ಹಚ್ಚಿದ್ದು. ಲಕೋಟೆ ತೆರೆದೊಡನೆ ಶಾಯಿಯ ವಾಸನೆ ಗಮ್ಮೆಂದು ಬಂದು, ಹೆಸರುಗಳನ್ನು ಓದುವುದು ಬಿಟ್ಟು ಕಾರ್ಡನ್ನು ಮೂಗಿಗೆ ಹಿಡಿದು ನಿಂತುಬಿಟ್ಟೆ. "ಮುಹೂರ್ತ ಎಷ್ಟೊತ್ತಿಗೆ ಅಂತ ವಾಸನೇಲೇ ಗೊತ್ತಾಗುತ್ತಾ?" ಎಂದರು ನಮ್ಮ ಯಜಮಾನರು. ಮುಹೂರ್ತ ಗೊತ್ತಾಗಲಿಲ್ಲ. ಶಿವಾಜಿನಗರದ ಆ ಓಣಿ ಮಾತ್ರ ಕಣ್ಣೆದುರು ಬಂದು ನಿಂತಿತು.

ಗದಗಿನ ಕಡೆಯಿಂದ ಬಂದ ಹೊಸದರಲ್ಲಿ ನಾನು ಅಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಒಂದು ಅಂಗಡಿಯಲ್ಲಿ ಕನ್ನಡದ ಒಕ್ಕಣೆ ಟೈಪು ಮಾಡುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ಹಲಸೂರಿನ ಸೆಲ್ವಿ. ಚಿತ್ರ, ಅಂಚು, ಬಣ್ಣ ಎಲ್ಲ ಅವಳದು. ಮಾಲೀಕರು ಖಲೀಲ್ ಸಾಹೇಬರು. ಅವರ ಗಂಟಲು ಎಂಥದ್ದು ಎಂದು ನಿಮಗೆ ಹೇಗೆ ಹೇಳಲಿ? ಓಣಿಯ ಆ ತುದಿಯ ಚಹಾದವನಿಗೆ ಅವರು ಫೋನು ಮಾಡಿದ್ದನ್ನು ನಾನು ನೋಡಿಲ್ಲ; ಕುಳಿತಲ್ಲಿಂದಲೇ ಕೂಗಿದರೆ ಸಾಕಿತ್ತು. ಒಂದೇ ವಾಕ್ಯವನ್ನು ದಖನಿ ಉರ್ದುವಿನಲ್ಲಿ ಶುರು ಮಾಡಿ, ತಮಿಳಿನಲ್ಲಿ ಸೆಲ್ವಿಯನ್ನು ಬೈದು, ಕನ್ನಡದಲ್ಲಿ ನನಗೆ ಮುಗಿಸುತ್ತಿದ್ದರು. ಮದುವೆ ಮನೆಯವರ ಜಗಳ ಅವರ ಮೇಜಿನ ಮುಂದೆ ಬಂದು ನಗುವಾಗಿ ಹೋಗುತ್ತಿತ್ತು.

ಆ ಗಂಟಲಿಗೇ ರೋಗ ಬಂತು. ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು, ದನಿ ಹೋಯಿತು.

ಚೇತರಿಸಿಕೊಂಡ ಮೇಲೆ ಒಂದು ದಿನ ಮಕ್ಕಳ ಸ್ಲೇಟು ಹಿಡಿದು ಅಂಗಡಿಗೆ ಬಂದರು. ಗಿರಾಕಿಯೊಬ್ಬ ಅವರು ಬರೆಯುವುದನ್ನು ನೋಡಿ, ಕಿವಿಯೂ ಕೇಳದು ಎಂದುಕೊಂಡನೋ ಏನೋ, ಜೋರಾಗಿ ಕಿರುಚಿ ಮಾತಾಡಿದ. ಸಾಹೇಬರು ಒಂದು ಪದ ಬರೆಯುವಷ್ಟರಲ್ಲಿ ಮುಂದಿನದನ್ನು ತಾನೇ ಊಹಿಸಿ ಹೇಳಿಬಿಟ್ಟ. ಆಮೇಲೆ ಅವರಿಗೆ ಬೆನ್ನು ಮಾಡಿ ಸೆಲ್ವಿಯ ಹತ್ತಿರ ಮಾತು ಮುಂದುವರಿಸಿದ. ಸಾಹೇಬರು ಅಂಗಿಯ ತೋಳಿನಿಂದ ಸ್ಲೇಟು ಒರೆಸಿ ಮೇಜಿನ ಮೇಲಿಟ್ಟು ರಿಚರ್ಡ್ಸ್ ಟೌನಿನ ಮನೆಗೆ ಹೊರಟುಹೋದರು. ಮತ್ತೆ ಬರಲಿಲ್ಲ.

ಕೆಲವು ವಾರಗಳ ನಂತರ ಅವರ ಹೆಂಡತಿ ಮಮ್ತಾಜ್ ಆಪಾ ಬಂದು ನಮ್ಮ ನಡುವೆ ಕುಳಿತರು. "ಅಂಗ್ಡಿ ಮಾರ್ಬಿಡ್ತಾರಂತಮ್ಮ. ಬರ್ದು ತೋರ್ಸಿದ್ರು. ದಿನಾ ಕಿಟ್ಕಿ ಕಡೆ ಮುಖ ಮಾಡ್ಕೊಂಡು ಕೂತಿರ್ತಾರೆ. ನಾನು ಮಾತಾಡಿದ್ರೂ ಕೋಪ, ಮಾತಾಡ್ದಿದ್ರೂ ಕೋಪ."

ಸೆಲ್ವಿ ಅತ್ತಳು. ನನಗೆ ಅಳು ಬರುವ ಬದಲು ಒಂದು ಹುಚ್ಚು ಯೋಚನೆ ಬಂತು. ಆಗಷ್ಟೇ ಅಂಗಡಿಗೆ ಹೊಸ ಆಫೀಸ್ ಸಾಫ್ಟ್‌ವೇರ್ ಬಂದಿತ್ತು. ಒಂದೇ ಕಡತವನ್ನು ಬೇರೆ ಬೇರೆ ಕಡೆ ಕುಳಿತವರು ಒಟ್ಟಿಗೆ ತೆರೆದು ಬರೆಯಬಹುದು ಎಂದು ಅದರ ವಿವರಣೆಯಲ್ಲಿತ್ತು. ಸಾಹೇಬರು ಅಚ್ಚಿನ ಮನೆಯಲ್ಲೇ ಬೆಳೆದವರು, ಟೈಪಿಂಗಿನಲ್ಲಿ ನನಗಿಂತ ಚುರುಕು. ಒಕ್ಕಣೆಯ ಕಡತ ಅವರ ಮನೆಯಲ್ಲೂ ತೆರೆದುಕೊಂಡರೆ?

ನನ್ನ ಕಂಪ್ಯೂಟರ್ ಜ್ಞಾನದ ಬಗ್ಗೆ ನಿಮಗೆ ಭ್ರಮೆ ಬೇಡ. ಕೆಟ್ಟರೆ ಆರಿಸಿ ಹಚ್ಚುವುದು, ನನ್ನ ವಿದ್ಯೆ ಅಷ್ಟೇ. ಆದರೂ ಅಂಗಡಿಯಲ್ಲಿ ಖಾಲಿ ಬಿದ್ದಿದ್ದ ಯಂತ್ರವನ್ನು ಹಳೆಯ ದುಪಟ್ಟಾದಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ರಿಚರ್ಡ್ಸ್ ಟೌನಿಗೆ ಆಟೋ ಹತ್ತಿದೆ. ಸಾಹೇಬರು ನನ್ನನ್ನು ನೋಡಿ ಮುಖ ಕಿಟಕಿಯ ಕಡೆ ತಿರುಗಿಸಿದರು. ನಾನು ನೆಲದ ಮೇಲೆ ಕೂತು ತಂತಿ ಜೋಡಿಸಿ ಸಹಾಯವಾಣಿಗೆ ಫೋನು ಹಚ್ಚಿದೆ.

"ಮೇಡಮ್, ಇದು ಹೋಮ್ ಯೂಸಾ, ನೆಟ್‌ವರ್ಕ್ ಯೂಸಾ?" ಎಂದ ಆ ಕಡೆಯ ಹುಡುಗ.

"ಎರಡೂ ಬೇಕ್ರಿ."

"ಎರಡರಲ್ಲಿ ಒಂದು ಹೇಳಿ ಮೇಡಮ್."

"ಮನ್ಯಾಗ ಕುಂತು ಅಂಗಡ್ಯಾಗ ಇರಬೇಕ್ರಿ. ಅದಕ್ಕ ಏನಂತೀರಿ?"

ಆತ ನಕ್ಕು, ಅಂಗಡಿಯ ಖಾತೆಯಲ್ಲೇ ಮನೆಯ ಯಂತ್ರವನ್ನೂ ಸೇರಿಸುವುದು ಹೇಗೆಂದು ಹೇಳಿಕೊಟ್ಟ. ನಾನು ಎಲ್ಲೋ ತಪ್ಪು ಗುಂಡಿ ಒತ್ತಿದೆ. ಮನೆಯಲ್ಲಿ ಪರೀಕ್ಷೆಗೆಂದು ಕೊಟ್ಟ ಮುದ್ರಣದ ಆಜ್ಞೆ ಶಿವಾಜಿನಗರಕ್ಕೆ ಹೋಗಿ, ಯಾರೂ ಮುಟ್ಟದ ಪ್ರಿಂಟರು ತಾನಾಗಿ ಗರಗರ ಎಂದಿತು. ನಾನು ಸಹಾಯವಾಣಿಯ ಫೋನು ಇಡುವುದೇ ತಡ, ಸೆಲ್ವಿ ಅಂಗಡಿಯಿಂದ ಫೋನು ಮಾಡಿ, "ಅಯ್ಯೋ ಕಡವುಳೇ! ಇದಕ್ಕೆ ಪಿಶಾಚಿ ಹಿಡ್ಕೊಂಡಿದೆ ಕಣೇ!" ಎಂದು ಚೀರಿದಳು. ಕೋಣೆಯೆಲ್ಲ ಕೇಳಿಸುವಂಥ ಚೀರು. ಸಾಹೇಬರು ತಿರುಗಿ ನೋಡಿದರು. ಮಾತಾಡಲಿಲ್ಲ ಎಂದು ಬರೆಯಹೊರಟೆ ನೋಡಿ, ಅಭ್ಯಾಸ. ನೋಡಿದರು, ಅಷ್ಟೇ.

ಎಲ್ಲ ಜೋಡಿಸಿ, ಆ ಹೊತ್ತಿನ ಮದುವೆಯ ಒಕ್ಕಣೆಯನ್ನು ತೆರೆದಿಟ್ಟು ಬಂದುಬಿಟ್ಟೆ. "ನಿಮಗ ಬೇಕನಿಸಿದ್ರ ನೋಡ್ರಿ ಸಾಹೇಬ್ರ" ಎಂದಷ್ಟೇ ಹೇಳಿದ್ದೆ.

ಮರುದಿನ ಬೆಳಿಗ್ಗೆ ಏನೂ ಆಗಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಸೆಲ್ವಿ ನನ್ನ ಮೊಣಕೈ ಹಿಡಿದಳು. ಪರದೆಯ ಮೇಲೆ, ಹೆಸರುಗಳ ಸಾಲಿನ ಕೆಳಗೆ, ಹಸಿರು ಬಣ್ಣದ ಸಣ್ಣ ಗೆರೆಯೊಂದು ಮಿನುಗುತ್ತಿತ್ತು. ಅದರ ನೆತ್ತಿಯ ಮೇಲೆ ‘ಖಲೀಲ್’ ಎಂದಿತ್ತು. ಗೆರೆ ಅಲುಗಿತು. ‘ನನಗೆ’ ಎಂದು ಮೂಡಿತು. ನಿಂತಿತು. ಒಂದೊಂದೇ ಅಕ್ಷರ ಅಳಿಸಿಹೋಯಿತು. ಮತ್ತೆ ‘ನಾನು ಇನ್ನು’ ಎಂದು ಬಂತು, ಅದೂ ಅಳಿಯಿತು.

ನಾವಿಬ್ಬರೂ ಡಬ್ಬಿ ಮರೆತು ಪರದೆಗೆ ಬಗ್ಗಿದ್ದೆವು. ಅಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದ ಮನುಷ್ಯ ಮಾತಿಗೆ ಮೊದಲು ಇಷ್ಟು ಹಿಂಜರಿಯುತ್ತಾನೆ ಎಂದು ನಮಗೆ ಎಲ್ಲಿ ಗೊತ್ತಿತ್ತು? ಬಾಯಿಂದ ಬಂದ ಮಾತು ಪೂರ್ತಿಯಾಗಿಯೇ ಬರುತ್ತದೆ. ಇಲ್ಲಿ ಮನಸ್ಸು ತೊದಲುವುದು ಕಾಣುತ್ತಿತ್ತು. ಆಮೇಲೆ ಒಮ್ಮೆಲೇ, ಭರಭರನೆ:

‘ಹುಡುಗಿ ಅಜ್ಜಿ ಹೆಸ್ರು ಯಾರ್ರೀ ಕೊನೇಲಿ ಹಾಕಿದ್ದು? ಮದ್ವೇಲಿ ಮೊದ್ಲು ಕೋಪ ಮಾಡ್ಕೊಳ್ಳೋರೇ ಅವ್ರು. ಮೇಲೆ ತನ್ನಿ!’

ದೇವರಾಣೆ, ನನಗೆ ಆ ದನಿ ಕೇಳಿಸಿತು. ಸೆಲ್ವಿಗೂ ಕೇಳಿಸಿತಂತೆ, ಗಾಬರಿಯಲ್ಲಿ "ಸಾರಿ ಸಾರ್!" ಎಂದು ಪರದೆಗೇ ಗಟ್ಟಿಯಾಗಿ ಉತ್ತರ ಕೊಟ್ಟಳು.

ಅಂದಿನಿಂದ ಗಿರಾಕಿಗಳು ಬಂದರೆ ಪರದೆಯನ್ನು ಅವರ ಕಡೆ ತಿರುಗಿಸುತ್ತಿದ್ದೆವು. ವಿಚಿತ್ರವೆಂದರೆ ಯಾರೂ ನಡುವೆ ಬಾಯಿ ಹಾಕುತ್ತಿರಲಿಲ್ಲ. ಜಗಳವಾಡುತ್ತ ಬಂದ ಬೀಗರು ಸಹ ಅಕ್ಷರ ಮೂಡುವುದನ್ನು ನೋಡುತ್ತ, ದರ್ಗಾದ ಮುಂದೆ ನಿಂತವರ ಹಾಗೆ ಸುಮ್ಮನಾಗುತ್ತಿದ್ದರು. ಅಂಗಡಿ ಮಾರುವ ಸುದ್ದಿ ಮತ್ತೆ ಏಳಲಿಲ್ಲ.

ಒಂದು ದಿನ ಹಸಿರು ಗೆರೆ ತೀರ ನಿಧಾನವಾಗಿ, ತಡವರಿಸುತ್ತ ಬಂತು. ಕಾಗುಣಿತವೆಲ್ಲ ತಪ್ಪು. ಸಾಹೇಬರಿಗೆ ಹುಷಾರಿಲ್ಲವೇನೋ ಎಂದು ಹೆದರಿದೆ. ಬಹಳ ಹೊತ್ತಿನ ಮೇಲೆ ಸಾಲು ಮುಗಿಯಿತು: ‘ನಾನು ಮಮ್ತಾಜ್. ಇವ್ರು ಇವತ್ತು ನಕ್ರು. ಸದ್ದಿಲ್ಲ. ಬುಜ ಅಲ್ಗಾಡ್ತು. ಅದಕ್ಕೆ ಗೊತಾಯ್ತು.’

ಅದನ್ನು ಅಳಿಸಲು ನಮಗೆ ಕೈ ಬರಲಿಲ್ಲ. ಮದುವೆಯವರಿಗಾಗಿ ಹೊಸ ಕಡತ ತೆರೆದೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಸಾಹೇಬರು ತಾವಾಗಿಯೇ ಅಂಗಡಿಗೆ ಬಂದರು. ನಮ್ಮೆದುರಿಗೇ ತಮ್ಮ ಮೇಜಿನಲ್ಲಿ ಕುಳಿತು, ಅಲ್ಲಿಂದಲೇ ಟೈಪು ಮಾಡಿ ನಮ್ಮನ್ನು ಬೈಯತೊಡಗಿದರು. ಈಗಲೂ ಹಾಗೇ ನಡೆಸುತ್ತಿದ್ದಾರೆ ಎಂದು ಸೆಲ್ವಿ ಹೇಳುತ್ತಾಳೆ.

ನಾನೀಗ ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಅನುವಾದ ತಿದ್ದುವ ಕೆಲಸದಲ್ಲಿದ್ದೇನೆ. ಒಂದೇ ಕಡತದಲ್ಲಿ ಬಣ್ಣಬಣ್ಣದ ಗೆರೆಗಳು ಇರುವೆಗಳಂತೆ ಓಡಾಡುತ್ತವೆ. ಅವುಗಳ ಹಿಂದೆ ಮನುಷ್ಯರಿದ್ದಾರೆಂಬುದು ನನಗೂ ಮರೆತುಹೋಗಿತ್ತು. ಇವತ್ತು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ವಾಕ್ಯ ಶುರು ಮಾಡಿದಳು. ನಿಲ್ಲಿಸಿದಳು. ಅಳಿಸಿದಳು. ಮತ್ತೆ ಶುರು ಮಾಡಿದಳು. ಅವಳೇನು ಬರೆಯಲಿದ್ದಾಳೆಂದು ನನಗೆ ಗೊತ್ತಿತ್ತು. ಮುಗಿಸಿಬಿಡಲು ಬೆರಳು ತುರಿಸುತ್ತಿತ್ತು. ಕೈಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಕಾದೆ.

ಕೊನೆಗೆ ಅವಳು ಬರೆದದ್ದು ನಾನೆಣಿಸಿದ ವಾಕ್ಯವಾಗಿರಲಿಲ್ಲ. ನನ್ನದಕ್ಕಿಂತ ಚೆನ್ನಾಗಿತ್ತು.