ಅಟ್ಟದ ಕಾಯಿಗೆ ಇಲ್ಲದ ಆತುರ

‘ಭಾನುವಾರದೊಳ್ಗೆ ಮನೆ ಖಾಲಿ ಮಾಡ್ಬುಡಿ ಟೀಚರಮ್ಮ.’

ಮೊನ್ನೆ ಗುರುವಾರ ಬೆಳಿಗ್ಗೆ, ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತಿದ್ದವಳಿಗೆ ನಮ್ಮ ಓನರ್ ರುದ್ರಪ್ಪನವರು ಹೇಳಿದ ಮಾತಿದು. ಹಾಲಿನವನನ್ನು ಬಿಡಿಸಬೇಕೆಂದರೂ ನಾವು ಇದಕ್ಕಿಂತ ಮುಂಚೆ ಹೇಳುತ್ತೇವೆ, ಅಲ್ಲವೇ?

ನನಗೀಗ ಎಂಟು ತಿಂಗಳು. ರೈಲ್ವೆಯಲ್ಲಿರುವ ನಮ್ಮವರು ಡ್ಯೂಟಿ ಮೇಲೆ ಹುಬ್ಬಳ್ಳಿಗೆ ಹೋಗಿದ್ದಾರೆ. ತುಂಬು ಬಸುರಿಗೆ ಅರಸೀಕೆರೆಯಲ್ಲಿ ಹೊಸದಾಗಿ ಮನೆ ಕೊಡುವವರು ಯಾರು? (ಬಸುರಿ ಮನೆ ಬದಲಿಸಬಾರದು ಎಂದು ನನಗೆ ಹೇಳಿದ್ದೇ ಓನರ್ ಹೆಂಡತಿ.)

‘ಯಾಕೆ ಯಜಮಾನ್ರೇ, ಏನಾಯ್ತು?’

‘ನನ್ ತಮ್ಮ ಸಂಸಾರ ಕಟ್ಕೊಂಡು ಬತ್ತಾವ್ನೆ. ಅವ್ನಿಗೆ ಮನೆ ಬೇಕು.’

‘ಬರ್ಲಿ. ಆದ್ರೆ ಬಿಡಿಸೋಕೆ ಬರವಣಿಗೇಲಿ ನೋಟಿಸ್ ಕೊಡ್ಬೇಕು. ಕಡೇಪಕ್ಷ ಹದಿನೈದು ದಿನ ಟೈಮ್ ಕೊಡ್ಬೇಕು.’

‘ಮನೆ ಕೊಟ್ಟಿದ್ದು ಬಾಯಿಮಾತಲ್ಲಿ. ಬಿಡ್ಸೋಕೆ ಮಾತ್ರ ಕಾಗ್ದ ಬೇಕಾ?’

ಬಾಯಿಮಾತಿನ ಬಾಡಿಗೆಗೂ ನೋಟಿಸ್ ಬೇಕೇ ಬೇಕು ಎಂದು ಸಂಜೆ ಪಕ್ಕದ ಬೀದಿಯ ವಕೀಲರು ಹೇಳಿದರು. (ಧೈರ್ಯ ಬಂತೇ? ಇಲ್ಲ. ಕಾನೂನು ಬಂದು ನಮ್ಮ ಬಾಗಿಲಲ್ಲಿ ಕೂರುತ್ತದೆಯೇ?)

ಶನಿವಾರ ರುದ್ರಪ್ಪನವರು ಇಬ್ಬರು ಆಳುಗಳ ಜೊತೆ ಬಂದರು. ನಮ್ಮ ತಲೆ ಮೇಲಿನ ಅಟ್ಟದ ತುಂಬ ಅವರದೇ ತೆಂಗಿನಕಾಯಿ, ಕೊಬ್ಬರಿಯಾಗಲಿ ಎಂದು ಹಾಕಿದ್ದು. ಆಳುಗಳು ಏಣಿ ಹತ್ತಿದರು. ಮೇಲೆಲ್ಲ ಧಡಧಡ ಸದ್ದು. ನಾನು ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ನಿಂತೆ. ಕಾಯಿ ಇಳಿದ ಮೇಲೆ ಬೀದಿಗೆ ಬರುವುದು ನಮ್ಮ ಪಾತ್ರೆಪಡಗ ಎಂಬುದು ಗೊತ್ತಿತ್ತು.

ಇಳಿಸಿದ ಮೊದಲ ಕಾಯಿಯನ್ನು ರುದ್ರಪ್ಪನವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಚೆನ್ನಾಗಿ ಒಣಗಿದ್ದರೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಗೊಟಗೊಟ ಎನ್ನಬೇಕು. ನೀರಿನ ಸದ್ದು ಬಂತು. ಇನ್ನೊಂದನ್ನು ನೋಡಿದರು. ಅದೂ ಹಾಗೇ.

‘ಇಳಿಸ್ಬೇಡ್ರಲಾ. ಇನ್ನೂ ಎರಡು ತಿಂಗ್ಳು ಬೇಕು. ಆತುರ ಬಿದ್ರೆ ಎಲ್ಲಾ ಹಾಳಾಯ್ತದೆ.’

ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ‘ನನಗೂ ಇನ್ನೊಂದು ತಿಂಗಳು ಬೇಕು ಯಜಮಾನ್ರೇ’ ಎಂದೆ.

ಅವರು ಕಾಯಿ ಹಿಡಿದುಕೊಂಡೇ ನಿಂತರು. ಆಮೇಲೆ ಆಳುಗಳನ್ನು ಕರೆದುಕೊಂಡು ಹೊರಟುಹೋದರು. ಏಣಿಯನ್ನು ಮಾತ್ರ ನಮ್ಮ ನಡುಮನೆಯಲ್ಲೇ ಬಿಟ್ಟಿದ್ದಾರೆ.

ಇವತ್ತು ಭಾನುವಾರ. ಬಾಗಿಲ ಕಡೆ ಒಂದು ಕಿವಿ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಕೊಬ್ಬರಿಗಾಗಿ ವರ್ಷವಿಡೀ ಕಾಯುವ ಊರಿನಲ್ಲಿ, ಮನುಷ್ಯರಿಗೆ ಹದಿನೈದು ದಿನ ಕೊಡುವುದು ಅಷ್ಟು ಕಷ್ಟವೇ?